ಹಡಗಿನ ಏಳು ದಿನ: ನಂಬಿದ್ದು ಯಾವುದು, ನಿಜ ಯಾವುದು

ತುರ್ವಿಹಾಳದಿಂದ ಯಾವ ಕಡಲತೀರಕ್ಕೆ ಹೋಗಬೇಕೆಂದರೂ ಮುನ್ನೂರು ಕಿಲೊಮೀಟರಿಗೂ ಹೆಚ್ಚಿನ ದಾರಿ. ತುಂಗಭದ್ರಾ ಎಡದಂಡೆ ಕಾಲುವೆ, ಭತ್ತದ ಗದ್ದೆಯಲ್ಲಿ ನಿಂತ ನೀರು, ಹೊಳೆ ದಾಟಿಸುವ ಹರಗೋಲು, ನಮ್ಮ ಭಾಗದವರಿಗೆ ನೀರಿನ ಪರಿಚಯ ಇಷ್ಟೇ. ಆದರೂ ಕ್ರೂಸ್ ಹಡಗಿನ ಮಾತು ಈಗ ನಮ್ಮ ಚಹಾದಂಗಡಿಗಳಿಗೂ ಬಂದಿದೆ. ಬೆಂಗಳೂರಿನಲ್ಲೋ ಅಮೆರಿಕದಲ್ಲೋ ನೌಕರಿಗಿರುವ ಮಗ ಅಪ್ಪ-ಅವ್ವನನ್ನು ಹಡಗು ಹತ್ತಿಸುತ್ತೇನೆ ಅನ್ನುತ್ತಾನೆ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ ಹುಡುಗನಿಗೆ ಯಾರೋ ಏಜೆಂಟ್ ಫೋನ್ ಮಾಡುತ್ತಾನೆ. ಮೊಬೈಲ್ ತೆರೆದರೆ ಈಜುಕೊಳ, ಜಾರುಬಂಡಿ, ಬಣ್ಣದ ದೀಪಗಳ ವಿಡಿಯೊ. "ಹಡಗಿನ್ಯಾಗ ಏಳು ದಿನ ಕುಂತು ಉಣ್ಣಾದು, ಮಲಗಾದು ಬಿಟ್ರ ಇನ್ನೇನೈತಿ ಕಾಕಾ?" ಎಂದು ಕೇಳುವ ಹುಡುಗರಿದ್ದಾರೆ.

ಬಹಳ ಐತಿ. ವಿಡಿಯೊದಲ್ಲಿ ಕಾಣುವುದು ಹಡಗಿನ ಮೇಲಿನ ಅಂತಸ್ತುಗಳು ಮಾತ್ರ. ಅವನ್ನು ನಡೆಸುವ ಯಂತ್ರ, ಕಾನೂನು, ದುಡಿಮೆ ಎಲ್ಲ ಕೆಳಗಿವೆ. ಆ ಕೆಳಗಿನ ಸಂಗತಿ ಗೊತ್ತಿಲ್ಲದೆ ಇರುವುದರಿಂದಲೇ ತಪ್ಪು ಕಲ್ಪನೆಗಳು ಹುಟ್ಟುತ್ತವೆ. ಕೆಲವು ನಕ್ಕು ಬಿಡುವಂಥವು, ಕೆಲವು ಮನೆಯ ಹೊಲ ಮಾರಿಸುವಂಥವು.

"ಎರಡೂವರೆ ಲಕ್ಷ ಟನ್ ತೂಕ. ಮಗುಚಿದರೆ ಗತಿ ಏನು?"

2024ರ ಜನವರಿಯಲ್ಲಿ ಮಯಾಮಿಯಿಂದ ಮೊದಲ ಪ್ರಯಾಣ ಹೊರಟ 'ಐಕಾನ್ ಆಫ್ ದಿ ಸೀಸ್' ಹಡಗಿನ ಬಗ್ಗೆ ಈ ಮಾತು ಕೇಳಿಬರುತ್ತದೆ. ಉದ್ದ ಸುಮಾರು 365 ಮೀಟರ್, 20 ಅಂತಸ್ತು. ಪೂರ್ತಿ ತುಂಬಿದರೆ 7,600 ಪ್ರಯಾಣಿಕರು, ಅವರ ಜೊತೆ ಸುಮಾರು 2,350 ಸಿಬ್ಬಂದಿ. ಅದರ ಹೆಸರಿನ ಜೊತೆ ಹೇಳುವ 2.48 ಲಕ್ಷ ಎಂಬ ಅಂಕಿ ತೂಕದ್ದಲ್ಲ. 'ಗ್ರಾಸ್ ಟನೇಜ್' ಎಂದರೆ ಹಡಗಿನ ಒಳಗೆ ಮುಚ್ಚಿದ ಜಾಗ ಎಷ್ಟಿದೆ ಎಂಬುದರ ಅಳತೆ. 1969ರ ಅಂತರರಾಷ್ಟ್ರೀಯ ಒಪ್ಪಂದದ ಸೂತ್ರದಂತೆ ಅದನ್ನು ಲೆಕ್ಕ ಹಾಕುತ್ತಾರೆ. 2021ರ ಸೆಪ್ಟೆಂಬರಿನಿಂದ ಮುಂಬೈಯಿಂದ ಹೊರಡುತ್ತಿರುವ ಕಾರ್ಡೀಲಿಯಾ ಸಂಸ್ಥೆಯ 'ಎಂಪ್ರೆಸ್' 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ ಹಡಗು. ಒಳಜಾಗದ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ ಟೈಟಾನಿಕ್‌ನಷ್ಟೇ ದೊಡ್ಡದು. ಅಂಥ ಐದು ಹಡಗು ಸೇರಿದರೆ ಒಂದು ಐಕಾನ್.

ಐಕಾನ್‌ಗೆ ಒಟ್ಟು ಇಪ್ಪತ್ತು ಅಂತಸ್ತು, ನೀರೊಳಗೆ ಇರುವುದು ಒಂಬತ್ತು ಮೀಟರ್ ಅಷ್ಟೇ. ಚಿತ್ರ ನೋಡಿದವರಿಗೆ ಎದೆ ಝಲ್ ಅನ್ನುತ್ತದೆ. ಆದರೆ ಎಂಜಿನ್ನು, ಇಂಧನ, ನೀರಿನ ಟ್ಯಾಂಕು, ನಿಲುಭಾರ ಎಲ್ಲ ತಳದಲ್ಲಿರುತ್ತವೆ. ಮೇಲಿನ ಬಹುಪಾಲು ಕೋಣೆಗಳು ತೆಳು ಗೋಡೆಯ ಖಾಲಿ ಜಾಗ. ಭಾರ ಕೆಳಗೆ, ಅಗಲ ಹೆಚ್ಚು. ಹೀಗಾಗಿ ವಾಲಿದರೂ ಮತ್ತೆ ನೆಟ್ಟಗಾಗುವ ಬಲ ಹಡಗಿಗಿರುತ್ತದೆ.

"ನಾವು ಬಯಲುಸೀಮೆಯವರು, ಏಳು ದಿನವೂ ವಾಂತಿಯೇ"

ವಾಂತಿಗೂ ಹುಟ್ಟಿದ ಊರಿಗೂ ಸಂಬಂಧವಿಲ್ಲ. ಒಳಕಿವಿ 'ಅಲುಗಾಡುತ್ತಿದ್ದೇವೆ' ಅನ್ನುತ್ತದೆ, ಕೋಣೆಯ ಗೋಡೆ ನೋಡುವ ಕಣ್ಣು 'ಇಲ್ಲ' ಅನ್ನುತ್ತದೆ. ಈ ತಕರಾರಿನಿಂದ ಹೊಟ್ಟೆ ತೊಳಸುತ್ತದೆ. ಕರಾವಳಿಯವರಿಗೂ ಆಗುತ್ತದೆ, ನಾವಿಕರಿಗೂ ಆಗುತ್ತದೆ. ದೊಡ್ಡ ಹಡಗಿನ ಎರಡೂ ಪಕ್ಕದಿಂದ ನೀರೊಳಗೆ ಚಾಚುವ ರೆಕ್ಕೆಗಳು ಓಲಾಟವನ್ನು ಬಹಳ ಮಟ್ಟಿಗೆ ತಗ್ಗಿಸುತ್ತವೆ, ಪೂರ್ತಿ ನಿಲ್ಲಿಸುವುದಿಲ್ಲ. ಕ್ಯಾಬಿನ್ ಆರಿಸುವಾಗ ಹಡಗಿನ ನಡುಮಧ್ಯೆ, ಕೆಳ ಅಂತಸ್ತಿನಲ್ಲಿ ಕೇಳಿರಿ. ತುದಿಗಳಲ್ಲಿ, ಮೇಲ್ಗಡೆ ಕುಲುಕಾಟ ಹೆಚ್ಚು. ಹೊಟ್ಟೆ ತೊಳಸಿದಾಗ ಕೋಣೆಯಲ್ಲಿ ಮಲಗುವುದಕ್ಕಿಂತ ಹೊರಗೆ ಬಂದು ದೂರದ ದಿಗಂತ ನೋಡುವುದು ಲೇಸು. ಮಳೆಗಾಲದಲ್ಲಿ ಅರಬ್ಬೀ ಸಮುದ್ರ ಉಗ್ರವಾಗಿರುವುದರಿಂದ ಪಶ್ಚಿಮ ಕರಾವಳಿಯ ಕ್ರೂಸ್ ಹಂಗಾಮು ಆ ತಿಂಗಳುಗಳಲ್ಲಿ ಇರುವುದಿಲ್ಲ.

"ಒಂದು ವಾರದಲ್ಲಿ ನಾಲ್ಕೈದು ದೇಶ ನೋಡಿ ಬರಬಹುದು"

ಈ ನಂಬಿಕೆಯನ್ನು ತಿದ್ದಲು ಮಯಾಮಿಗೆ ಹೋಗಬೇಕಿಲ್ಲ, ಮಂಗಳೂರೇ ಸಾಕು. ಪಣಂಬೂರಿನ ನವಮಂಗಳೂರು ಬಂದರಿಗೆ ಪ್ರತಿ ಚಳಿಗಾಲದ ಹಂಗಾಮಿನಲ್ಲಿ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ. ಬೆಳಿಗ್ಗೆ ದಡಕ್ಕೆ ತಾಗಿ ಸಂಜೆ ಹೊರಟುಬಿಡುತ್ತವೆ. ಇಳಿದವರನ್ನು ಬಸ್ಸುಗಳು 1430ರಲ್ಲಿ ಕಟ್ಟಿದ ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ, 1432ರಲ್ಲಿ ನಿಂತ ಕಾರ್ಕಳದ ಗೊಮ್ಮಟನ ಬಳಿಗೆ, ಕುದ್ರೋಳಿ ದೇವಸ್ಥಾನಕ್ಕೆ, ಸಂತ ಅಲೋಶಿಯಸ್ ಚಾಪೆಲ್‌ಗೆ, ಗೋಡಂಬಿ ಕಾರ್ಖಾನೆಗೆ ಸುತ್ತಾಡಿಸುತ್ತವೆ. ಇಷ್ಟು ನೋಡಿ ಅವರು 'ಕರ್ನಾಟಕ ನೋಡಿದೆವು' ಎಂದು ಹಡಗು ಹತ್ತುತ್ತಾರೆ. ಅವರು ಕಂಡ ಕರ್ನಾಟಕದಲ್ಲಿ ಮಸ್ಕಿಯ ಅಶೋಕನ ಶಾಸನ ಇಲ್ಲ, ಹಂಪಿ ಇಲ್ಲ, ತುಂಗಭದ್ರೆ ಇಲ್ಲ. ನಾವು ಕೆರಿಬಿಯನ್ ದ್ವೀಪಗಳನ್ನು ಹಡಗಿನಿಂದ ನೋಡಿದರೂ ಅಷ್ಟೇ ನೋಡಿದಂತೆ.

ಮಯಾಮಿಯಿಂದ ಏಳು ರಾತ್ರಿಯ ಪ್ರವಾಸವೆಂದರೆ ಸಾಮಾನ್ಯವಾಗಿ ಮೂರೋ ನಾಲ್ಕೋ ಬಂದರು, ಒಂದೊಂದರಲ್ಲೂ ಎಂಟು-ಹತ್ತು ಗಂಟೆ. ಉಳಿದ ಎರಡು ಮೂರು ದಿನ ಸುತ್ತಲೂ ಬರೀ ಸಮುದ್ರ. ಗಂಟೆಗೆ ನಲವತ್ತು ಕಿಲೊಮೀಟರ್ ಆಸುಪಾಸಿನ ವೇಗದಲ್ಲಿ ಹೋಗುವ ಹಡಗಿಗೆ ಅಷ್ಟು ಸಮಯ ಬೇಕೇ ಬೇಕು. ಬಂದರಿನಲ್ಲಿ ಇಳಿದವರು ಹೊರಡುವ ಹೊತ್ತಿಗೆ ಅರ್ಧ-ಒಂದು ಗಂಟೆ ಮೊದಲೇ ವಾಪಸ್ ಬಂದಿರಬೇಕು. ತಾವೇ ಆಟೊ ಹಿಡಿದು ಸುತ್ತಲು ಹೋಗಿ ತಡವಾದರೆ ಹಡಗು ಕಾಯುವುದಿಲ್ಲ. ಮುಂದಿನ ಬಂದರಿಗೆ ಸ್ವಂತ ಖರ್ಚಿನಲ್ಲಿ ಹೋಗಿ ಸೇರಿಕೊಳ್ಳಬೇಕು.

"ಕುಡಿಯುವ ನೀರು ಖಾಲಿಯಾದರೆ? ಸಸ್ಯಾಹಾರಿಗಳ ಗತಿ?"

ನೀರಿನ ಬಹುಪಾಲನ್ನು ಹಡಗು ಸಮುದ್ರದಿಂದಲೇ ಮಾಡಿಕೊಳ್ಳುತ್ತದೆ. ಎಂಜಿನ್ನಿನ ಶಾಖದಲ್ಲಿ ಆವಿ ಮಾಡಿ ಸಿಹಿನೀರು ಪಡೆಯುವುದು ಒಂದು ದಾರಿ. ಇನ್ನೊಂದು, ನಮ್ಮ ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿರುವ ಅದೇ ಆರ್‌ಒ ತಂತ್ರ. ಸಸ್ಯಾಹಾರ ದೊಡ್ಡ ಹಡಗುಗಳಲ್ಲೆಲ್ಲ ಸಿಗುತ್ತದೆ. ಮುಂಬೈಯಿಂದ ಹೊರಡುವ ಹಡಗಿನಲ್ಲಿ ಜೈನ ಊಟವೂ ಉಂಟು. ಜೋಳದ ರೊಟ್ಟಿ, ಪುಂಡಿಪಲ್ಯ ಮಾತ್ರ ನಿರೀಕ್ಷಿಸಬೇಡಿ. ಮನೆಯಿಂದ ಬೇಯಿಸಿದ ಬುತ್ತಿಯನ್ನು ಹಡಗಿನೊಳಗೆ ಬಿಡುವುದಿಲ್ಲ. ಹಡಗಿನ ಹಣ್ಣು-ತಿಂಡಿಯನ್ನು ಬಂದರಿನಲ್ಲಿ ಇಳಿಸುವುದನ್ನೂ ಅನೇಕ ದೇಶಗಳ ಕಾನೂನು ತಡೆಯುತ್ತದೆ. ಕೀಟ, ರೋಗ ಹರಡಬಾರದೆಂದು ಈ ಕಟ್ಟುನಿಟ್ಟು.

"ಟಿಕೆಟ್ ತೆಗೆದರೆ ಮುಗಿಯಿತು, ಒಳಗೆಲ್ಲ ಪುಕ್ಕಟೆ"

ಕ್ಯಾಬಿನ್, ಮುಖ್ಯ ಊಟದ ಮನೆ, ಬಫೆ, ಈಜುಕೊಳ, ಹೆಚ್ಚಿನ ಆಟ-ನಾಟಕಗಳು ಟಿಕೆಟ್ಟಿನಲ್ಲಿ ಸೇರಿವೆ. ಇಂಟರ್ನೆಟ್ಟು, ತಂಪುಪಾನೀಯ, ವಿಶೇಷ ಹೋಟೆಲು, ಬಂದರಿನ ಬಸ್ ಸುತ್ತಾಟ ಸಾಮಾನ್ಯವಾಗಿ ಸೇರಿರುವುದಿಲ್ಲ. ಅಮೆರಿಕದ ಕಂಪನಿಗಳು ಟಿಪ್ಸ್ ಎಂದು ಒಬ್ಬರಿಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್ ಬಿಲ್ಲಿಗೆ ಸೇರಿಸುತ್ತವೆ. ಗಂಡ-ಹೆಂಡತಿ ಏಳು ದಿನ ಹೋದರೆ ಇದೊಂದೇ ಇನ್ನೂರು ಡಾಲರ್ ದಾಟುತ್ತದೆ. ಒಳಗೆ ನಗದು ನಡೆಯುವುದಿಲ್ಲ. ಕ್ಯಾಬಿನ್ನಿನ ಕಾರ್ಡು ತೋರಿಸಿದರೆ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ, ಕೊನೆಯ ದಿನ ಒಟ್ಟು ಬಿಲ್ಲು ಕೈಗೆ ಬರುತ್ತದೆ.

ವಯಸ್ಸಾದವರಿಗೆ ತಪ್ಪದೆ ಹೇಳಿಕೊಡಬೇಕಾದ ಒಂದು ವಿಷಯವಿದೆ. ದಡ ದೂರವಾಗುತ್ತಲೇ ಫೋನು ಹಡಗಿನ ಉಪಗ್ರಹ ನೆಟ್‌ವರ್ಕ್ ಹಿಡಿದುಕೊಳ್ಳಬಹುದು. ಅದರ ರೋಮಿಂಗ್ ದರ ಕೈ ಸುಡುತ್ತದೆ. ಹತ್ತುವ ದಿನವೇ ಫೋನನ್ನು ಫ್ಲೈಟ್ ಮೋಡಿಗೆ ಹಾಕಿಕೊಡಿ.

"ಲೈಫ್ ಜಾಕೆಟ್ ಡ್ರಿಲ್ ಬರೀ ಕಾಟಾಚಾರ"

ಇದೊಂದನ್ನು ನಂಬಬೇಡಿ. ಟೈಟಾನಿಕ್ 1912ರಲ್ಲಿ ಮುಳುಗಿದಾಗ ಅದರಲ್ಲಿದ್ದವರು ಸುಮಾರು 2,200 ಜನ, ದೋಣಿಗಳಲ್ಲಿ ಜಾಗ ಇದ್ದದ್ದು 1,178 ಮಂದಿಗೆ. ಅದರ ಬೆನ್ನಿಗೇ, 1914ರಲ್ಲಿ, ಸಮುದ್ರದಲ್ಲಿ ಜೀವರಕ್ಷಣೆಯ ಮೊದಲ ಅಂತರರಾಷ್ಟ್ರೀಯ ಒಪ್ಪಂದ ಆಯಿತು. ಈಗ ಹಡಗಿನಲ್ಲಿರುವ ಪ್ರತಿಯೊಬ್ಬರಿಗೂ, ಮೇಲೆ ಇನ್ನಷ್ಟು ಜನಕ್ಕೂ, ದೋಣಿ ಮತ್ತು ರಬ್ಬರ್ ತೆಪ್ಪಗಳಲ್ಲಿ ಜಾಗ ಇರಲೇಬೇಕು.

ಜಾಗ ಇದ್ದರೆ ಸಾಲದು, ಅಪಾಯದ ಹೊತ್ತಿನಲ್ಲಿ ಎಲ್ಲಿಗೆ ಹೋಗಿ ನಿಲ್ಲಬೇಕು ಎಂಬುದೂ ಗೊತ್ತಿರಬೇಕು. ಡ್ರಿಲ್ ಕಲಿಸುವುದು ಅದನ್ನೇ. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲ್ಯೊ ದ್ವೀಪದ ಬಳಿ 'ಕೋಸ್ಟಾ ಕಾನ್ಕಾರ್ಡಿಯಾ' ಬಂಡೆಗೆ ಬಡಿದಾಗ, ಅಂದೇ ಹತ್ತಿದ ನೂರಾರು ಪ್ರಯಾಣಿಕರಿಗೆ ಇನ್ನೂ ಡ್ರಿಲ್ ಆಗಿರಲಿಲ್ಲ. ಆಗಿನ ನಿಯಮ ಇಪ್ಪತ್ತನಾಲ್ಕು ಗಂಟೆ ಅವಕಾಶ ಕೊಟ್ಟಿತ್ತು. 32 ಜನ ಸತ್ತರು. ಅವರಲ್ಲಿ ಹಡಗಿನಲ್ಲಿ ವೇಟರ್ ಆಗಿದ್ದ ಭಾರತೀಯರೊಬ್ಬರಿದ್ದರು. ಅವರ ಅವಶೇಷ ಸಿಕ್ಕಿದ್ದು 2014ರ ನವೆಂಬರಿನಲ್ಲಿ, ಎಲ್ಲರಿಗಿಂತ ಕೊನೆಗೆ. 2015ರಿಂದ ನಿಯಮ ಬದಲಾಗಿದೆ. ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಡ್ರಿಲ್ ಮುಗಿಯಬೇಕು. ಏಳು ಸಣ್ಣ ಸಿಳ್ಳೆ, ಒಂದು ಉದ್ದದ ಸಿಳ್ಳೆ ಅಪಾಯದ ಕರೆ. ನಿಮ್ಮ ಕಾರ್ಡಿನ ಮೇಲೆ ಬರೆದಿರುವ ಜಾಗಕ್ಕೆ ಒಮ್ಮೆ ಕಾಲ್ನಡಿಗೆಯಲ್ಲಿ ಹೋಗಿ ನೋಡಿ ಬನ್ನಿ, ಲಿಫ್ಟಿನಲ್ಲಿ ಬೇಡ.

ರೋಗದ ಭಯವೂ ಕೆಲವರಿಗಿದೆ, ಅದಕ್ಕೆ ಕಾರಣವೂ ಇದೆ. 2020ರ ಫೆಬ್ರುವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ನಿಂತ 'ಡೈಮಂಡ್ ಪ್ರಿನ್ಸೆಸ್' ಹಡಗಿನ 3,711 ಜನರಲ್ಲಿ 712 ಮಂದಿಗೆ ಕೋವಿಡ್ ಹರಡಿತು. ಹಡಗುಗಳಲ್ಲಿ ಆಗಾಗ ಕಾಡುವುದು ವಾಂತಿಭೇದಿಯ ನೊರೊವೈರಸ್. ಅದಕ್ಕೆ ಸ್ಯಾನಿಟೈಸರ್ ಸಾಲದು, ಊಟಕ್ಕೆ ಮೊದಲು ಸೋಪು ಹಚ್ಚಿ ಚೆನ್ನಾಗಿ ಕೈ ತೊಳೆಯಬೇಕು.

"ಹಡಗಿನ ನೌಕರಿ ಎಂದರೆ ಪಗಾರದ ಜೊತೆ ಲೋಕಸಂಚಾರ"

ಡೈಮಂಡ್ ಪ್ರಿನ್ಸೆಸ್‌ನಲ್ಲಿದ್ದ ಭಾರತೀಯರು 138 ಜನ. ಅವರಲ್ಲಿ ಪ್ರಯಾಣಿಕರು ಆರೇ ಮಂದಿ. ಉಳಿದ 132 ಜನ ಅಡುಗೆ, ಬಡಿಸುವುದು, ಕೋಣೆ ಸ್ವಚ್ಛ ಮಾಡುವುದು ಮುಂತಾದ ಕೆಲಸದವರು. ಕ್ರೂಸ್ ಹಡಗಿಗೂ ಭಾರತದ ಮಧ್ಯಮ-ಬಡ ಕುಟುಂಬಗಳಿಗೂ ಇರುವ ನಿಜವಾದ ನಂಟು ಈ ಅಂಕಿಯಲ್ಲಿದೆ.

ಪ್ರಯಾಣಿಕರ ವಾರ ಮುಗಿಯುವ ದಿನವನ್ನು ನೋಡಿ. ಬೆಳಿಗ್ಗೆ ಸಾವಿರಾರು ಜನ ಇಳಿಯುತ್ತಾರೆ, ಮಧ್ಯಾಹ್ನದ ಹೊತ್ತಿಗೆ ಅಷ್ಟೇ ಹೊಸಬರು ಹತ್ತಲು ಶುರುಮಾಡುತ್ತಾರೆ. ನಡುವಿನ ಕೆಲವೇ ಗಂಟೆಗಳಲ್ಲಿ ಸಾವಿರಾರು ಹಾಸಿಗೆಯ ಹೊದಿಕೆ ಬದಲಾಗಬೇಕು, ಬಚ್ಚಲು ತಿಕ್ಕಬೇಕು, ವಾರದ ತರಕಾರಿ, ಹಿಟ್ಟು, ಹಾಲು ಒಳಗೆ ಬರಬೇಕು, ಕಸ ಹೊರಗೆ ಹೋಗಬೇಕು. ಸಂಜೆ ಹಡಗು ಹೊರಡುತ್ತದೆ. ಸಿಬ್ಬಂದಿಗೆ ಅದು ಇನ್ನೊಂದು ವಾರದ ಮೊದಲ ದಿನ. ಕರಾರು ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು, ಅಲ್ಲಿಯವರೆಗೆ ನಮ್ಮಂತೆ ವಾರದ ರಜೆ ಎಂಬುದಿಲ್ಲ. ಮಲಗುವುದು ಕೆಳ ಅಂತಸ್ತಿನ, ಹಂಚಿಕೊಂಡ ಸಣ್ಣ ಕೋಣೆಯಲ್ಲಿ. ಬಂದರಿನಲ್ಲಿ ಇಳಿಯಲು ಬಿಡುವು ಸಿಕ್ಕರೆ ಒಂದೆರಡು ತಾಸು, ಅದರಲ್ಲಿ ಮನೆಗೆ ಫೋನು ಮಾಡಬೇಕು. ಕ್ಯಾಬಿನ್ ಸ್ವಚ್ಛ ಮಾಡುವವರಿಗೆ ಹೆಸರು ಹಿಡಿದು ನಮಸ್ಕಾರ ಹೇಳುವುದು, ಮಕ್ಕಳು ಚೆಲ್ಲಾಡಿದ್ದನ್ನು ನಾವೇ ಎತ್ತಿಡುವುದು ದೊಡ್ಡ ಮಾತಲ್ಲ, ಆದರೆ ಅವರಿಗೆ ಅದು ದೊಡ್ಡದು.

ಇದನ್ನು ಹುಡುಗರನ್ನು ಹೆದರಿಸಲು ಹೇಳುತ್ತಿಲ್ಲ. ದುಡಿಮೆ ಕಠಿಣ, ಆದರೆ ಗೌರವದ್ದು, ಕಾನೂನಿನ ರಕ್ಷಣೆಯೂ ಇದೆ. 2013ರಿಂದ ಜಾರಿಯಲ್ಲಿರುವ ಕಡಲ ಕಾರ್ಮಿಕರ ಒಪ್ಪಂದವನ್ನು ಭಾರತ 2015ರಲ್ಲಿ ಒಪ್ಪಿಕೊಂಡಿದೆ. ಅದರಂತೆ ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ ಕನಿಷ್ಠ 77 ಗಂಟೆ ವಿಶ್ರಾಂತಿ ಕೊಡಬೇಕು. ಕೆಲಸ ಕೊಡಿಸಿದ್ದಕ್ಕೆಂದು ನಾವಿಕನಿಂದ ಶುಲ್ಕ ತೆಗೆದುಕೊಳ್ಳುವಂತಿಲ್ಲ. ವೈದ್ಯಕೀಯ ಪ್ರಮಾಣಪತ್ರ, ನಾವಿಕರ ಪುಸ್ತಕ, ಪಾಸ್‌ಪೋರ್ಟ್ ಇವುಗಳ ಖರ್ಚು ಅಭ್ಯರ್ಥಿಯದು. ವೀಸಾದ ಖರ್ಚು ಹಡಗಿನ ಮಾಲೀಕನದು. ಬೆಂಕಿ ನಂದಿಸುವುದು, ನೀರಿನಲ್ಲಿ ಜೀವ ಉಳಿಸಿಕೊಳ್ಳುವುದು, ಪ್ರಥಮ ಚಿಕಿತ್ಸೆ ಮುಂತಾದ ಮೂಲ ಸುರಕ್ಷತಾ ತರಬೇತಿಗೆ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಫೀ ಕಟ್ಟಬೇಕಾಗುತ್ತದೆ, ಅದು ಬೇರೆ ಮಾತು.

ಆದ್ದರಿಂದ ಸಿಂಧನೂರು, ಮಸ್ಕಿ, ಲಿಂಗಸುಗೂರಿನ ತಂದೆ-ತಾಯಂದಿರಲ್ಲಿ ಒಂದು ವಿನಂತಿ. 'ಮೂರು ಲಕ್ಷ ಕೊಡಿ, ಮಗನನ್ನು ಹಡಗಿಗೆ ಹಾಕಿಸುತ್ತೇನೆ' ಎಂದು ಯಾರೇ ಬಂದರೂ ಮೊದಲು ಆರ್‌ಪಿಎಸ್‌ಎಲ್ ಪರವಾನಗಿ ಸಂಖ್ಯೆ ಕೇಳಿ. ನಾವಿಕರನ್ನು ನೇಮಕ ಮಾಡಿಕೊಡುವ ಏಜೆನ್ಸಿಗಳಿಗೆ ಮುಂಬೈಯಲ್ಲಿರುವ ಕೇಂದ್ರ ಸರ್ಕಾರದ ಹಡಗು ಮಹಾನಿರ್ದೇಶನಾಲಯ ಕೊಡುವ ಪರವಾನಗಿ ಅದು. ಪರವಾನಗಿ ಇರುವವರ ಪಟ್ಟಿ ಆ ಇಲಾಖೆಯ ಜಾಲತಾಣದಲ್ಲಿ ಇದೆ, ಊರಿನ ಯಾವ ಕಂಪ್ಯೂಟರ್ ಸೆಂಟರಿನಲ್ಲಾದರೂ ತೆಗೆಸಿ ನೋಡಬಹುದು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ಹೆಸರಿದ್ದೂ ಕೆಲಸಕ್ಕೆಂದು ಹಣ ಕೇಳಿದರೆ ಅದೇ ಇಲಾಖೆಗೆ ದೂರು ಬರೆಯಿರಿ.