ವಕ್ತೃ ಯಾರು, ವಿದ್ವಾಂಸ ಯಾರು?

ಕನ್ನಡ ಎಂ.ಎ. ಮುಗಿಸಿ ಸಂಶೋಧನೆಗೆ ಬರುವ ನಮ್ಮ ಕೇರಿಯ ಹುಡುಗ ಹುಡುಗಿಯರಿಗೆ ದುಡ್ಡಿನ ತಾಪತ್ರಯ ಇದ್ದದ್ದೇ. ಅದರ ಜೊತೆಗೆ ವಿಷಯದ ತಾಪತ್ರಯವೂ ಇದೆ. ನಾನು ಪಂಪನ ಮೇಲೆ ಕೆಲಸ ಮಾಡ್ತೀನಿ ಅಂದಾಗ ವಿಭಾಗದ ಹಿರಿಯರೊಬ್ಬರು, 'ನಿನಗ್ಯಾಕಪ್ಪ ಹಳಗನ್ನಡ? ದಲಿತ ಕಾದಂಬರಿ ತಗೋ, ಅನುಭವ ಇದೆ' ಅಂದರು. ಪ್ರೀತಿಯಿಂದಲೇ ಅಂದರು. ಆ ಪ್ರೀತಿಯೊಳಗೆ ಒಂದು ಹಂಚಿಕೆ ಅಡಗಿದೆ: ಅನುಭವ ನಮ್ಮದು, ಪಾಂಡಿತ್ಯ ಅವರದು.

ಜಾನಪದ ಅಧ್ಯಯನದಲ್ಲಿ ಈ ಹಂಚಿಕೆ ಎದ್ದು ಕಾಣುತ್ತದೆ. ಮಂಟೇಸ್ವಾಮಿ ಕಾವ್ಯವನ್ನು ಹಾಡಿ ಉಳಿಸಿದವರು ನೀಲಗಾರರು. ಮಹಾಪ್ರಬಂಧದಲ್ಲಿ ಅವರು ಬರೀ 'ವಕ್ತೃ'. ಹೆಸರು, ಊರು, ವಯಸ್ಸು, ಜಾತಿ ಅನುಬಂಧಕ್ಕೆ ಹೋಗುತ್ತವೆ. ಹಾಡಿಗೆ ಅರ್ಥ ಹೇಳುವ ಯಜಮಾನಿಕೆ ಸಂಶೋಧಕನದು. ಅನುಬಂಧದಲ್ಲಿರುವ ಅಜ್ಜನ ಮೊಮ್ಮಗಳು ಅಧ್ಯಾಯ ಬರೆಯಲು ಬಂದಾಗಲೂ ಅವಳನ್ನು ವಕ್ತೃವಾಗಿಯೇ ನೋಡುವುದು ಈ ಅಭ್ಯಾಸದ ಮುಂದುವರಿಕೆ.

1916ರ ಮೇ 9ರಂದು ಕೊಲಂಬಿಯಾ ವಿಶ್ವವಿದ್ಯಾಲಯದ ಮಾನವಶಾಸ್ತ್ರದ ಸೆಮಿನಾರಿನಲ್ಲಿ ಅಂಬೇಡ್ಕರ್ ಜಾತಿಯ ಹುಟ್ಟನ್ನು ಕುರಿತು ಪ್ರಬಂಧ ಓದಿದರು. ಆಗ ಅವರಿಗೆ 25 ವರ್ಷ. ಸೆನಾರ್, ನೆಸ್‌ಫೀಲ್ಡ್, ರಿಸ್ಲೆ ಕೊಟ್ಟ ವ್ಯಾಖ್ಯೆಗಳನ್ನು ತೂಗಿ ನೋಡಿ, ಒಳಮದುವೆಯೇ ಜಾತಿಯ ತಿರುಳು ಎಂದು ವಾದಿಸಿದರು. ವಿದ್ವಾಂಸರ ಎದುರು ಸಾಕ್ಷಿ ಹೇಳಿ ಕೂರದೆ ಸಿದ್ಧಾಂತವನ್ನೇ ಕಟ್ಟಿದರು. ನಮ್ಮಲ್ಲಿ ಸಿದ್ಧಲಿಂಗಯ್ಯನವರು ಗ್ರಾಮದೇವತೆಗಳನ್ನು ಕುರಿತು ಪಿಎಚ್.ಡಿ. ಮಾಡಿದಾಗ ದೇವರ ಗುಡಿಯ ಹೊರಗೆ ನಿಂತಿದ್ದ ಕೇರಿ ಆ ದೇವರ ಬಗ್ಗೆ ಪ್ರಶ್ನೆ ಕೇಳುವ ಜಾಗಕ್ಕೆ ಬಂತು.

ಇನ್ನು ಬಾಗಿಲ ಮಾತು. ಯುಜಿಸಿಯ 2016ರ ನಿಯಮದಲ್ಲಿ ಪ್ರವೇಶ ಪರೀಕ್ಷೆ ಅರ್ಹತೆಗೆ ಮಾತ್ರ. ಆಯ್ಕೆಯೆಲ್ಲ ಸಂದರ್ಶನದ ಕೈಲಿತ್ತು. ವಿದ್ಯಾರ್ಥಿಗಳು ಪ್ರತಿಭಟಿಸಿದರು. 2018ರ ತಿದ್ದುಪಡಿಯಲ್ಲಿ ಪರೀಕ್ಷೆಗೆ 70, ಸಂದರ್ಶನಕ್ಕೆ 30 ಅಂತಾಯಿತು. 2022ರ ನಿಯಮವೂ ಅದನ್ನೇ ಉಳಿಸಿತು. ಒಬ್ಬ ಪ್ರೊಫೆಸರರ ಕೈಕೆಳಗೆ 8 ಜನಕ್ಕಿಂತ ಹೆಚ್ಚು ಸಂಶೋಧಕರು ಇರುವಂತಿಲ್ಲ. ಹಾಗಾಗಿ ಆ 30 ಅಂಕ ಮತ್ತು ಗೈಡಿನ ಒಪ್ಪಿಗೆ, ಇವೆರಡರಲ್ಲೇ ನಮ್ಮ ವಿಷಯದ ಹಣೆಬರಹ ತೀರ್ಮಾನವಾಗುತ್ತದೆ.

ದಲಿತ ವಿಮರ್ಶೆಯನ್ನು ದಲಿತ ಸಾಹಿತ್ಯಕ್ಕೆ ಮಾತ್ರ ಕಟ್ಟಿಹಾಕಿದರೆ ಅದು ಇನ್ನೊಂದು ಕೇರಿಯಾದೀತು. ಪಂಪಭಾರತದಲ್ಲಿ ಭೀಷ್ಮನ ಸೇನಾಧಿಪತ್ಯದ ಹೊತ್ತಿಗೆ ಕುಲದ ಮಾತೆದ್ದು ಕರ್ಣ ತಿರುಗಿ ಬೀಳುತ್ತಾನೆ. ಕುಲ ಕೇಳಿಸಿಕೊಂಡು ಬೆಳೆದವರು ಆ ಭಾಗವನ್ನು ಓದಿ ಬರೆಯಲೇಬೇಕು. ಆದ್ದರಿಂದ ಗೆಳೆಯರೆ, ಹಳಗನ್ನಡ, ಶಾಸನ, ಛಂದಸ್ಸು, ಏನೇ ಇರಲಿ, ಧೈರ್ಯವಾಗಿ ಅರ್ಜಿ ಹಾಕಿ. ಬೇಡ ಅಂದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಸಂಘಟನೆಗಳು ಸೀಟಿನ ಲೆಕ್ಕ ಕೇಳುವಂತೆ ತಿರಸ್ಕೃತ ವಿಷಯಗಳ ಲೆಕ್ಕವನ್ನೂ ಕೇಳಲಿ.