ಜಮಖಂಡಿಯಲ್ಲಿ ಕಂಡ ಕಿತ್ತಳೆ ಗೆರೆ

ಹೀಲಿಯಂ ಎಂಬ ವಿರಳಾನಿಲದ ಕಥೆಯು ನಮ್ಮ ಶೇಡಬಾಳದ ಸೀಮೆಯನ್ನು ಹಾಯ್ದುಹೋದುದನ್ನು ವಾಚಕರಲ್ಲಿ ಬಹುಮಂದಿ ಅರಿಯರು. 1868ನೆಯ ಇಸವಿಯ ಆಗಸ್ಟ್ 18, ಶ್ರಾವಣ ಅಮಾವಾಸ್ಯೆಯ ಬೆಳಿಗ್ಗೆ ಈ ಕಡೆ ಖಗ್ರಾಸ ಸೂರ್ಯಗ್ರಹಣವಾಯಿತು. ಜನರು ಸ್ನಾನಕ್ಕೆಂದು ಕೃಷ್ಣೆಗೆ ಇಳಿದಿರಬೇಕು. ಮೂಡಲಲ್ಲಿರುವ ಜಮಖಂಡಿಯಲ್ಲಿಯೋ, ಲೆಫ್ಟಿನೆಂಟ್ ಜಾನ್ ಹರ್ಷೆಲ್ ಎಂಬವರು ಬೆಳಕನ್ನು ಬಣ್ಣಗಳಾಗಿ ಒಡೆದು ತೋರಿಸುವ ಯಂತ್ರವನ್ನು ಹೂಡಿಕೊಂಡು ಮೋಡಗಳೊಡನೆ ಸೆಣಸುತ್ತಿದ್ದರು. ಮೋಡ ಹರಿದೊಡನೆ ಸೂರ್ಯನಂಚಿನ ಜ್ವಾಲೆಯಲ್ಲಿ ಕೆಂಪು, ಕಿತ್ತಳೆ, ನೀಲಿ ಎಂಬ ಮೂರು ಗೆರೆಗಳು ಕಂಡವು. ಕಿತ್ತಳೆಯದನ್ನು ಅವರು ಉಪ್ಪಿನಲ್ಲಿರುವ ಸೋಡಿಯಮ್ಮಿನದೆಂದೇ ಬಗೆದರು. ಅದೇ ಅಕ್ಟೋಬರದಲ್ಲಿ ಇಂಗ್ಲೆಂಡಿನ ಲಾಕಿಯರ್ ಆ ಗೆರೆಯ ಸ್ಥಾನವೇ ಬೇರೆಯೆಂದು ಕಂಡುಕೊಂಡರು. ಸೂರ್ಯನ ಗ್ರೀಕ್ ಹೆಸರಿನಿಂದ ಹೀಲಿಯಂ ಎಂಬ ಹೆಸರು ಹುಟ್ಟಿತು. ಹರ್ಷೆಲರನ್ನು ದೂರಲು ನಮಗೆ ಮನಸ್ಸಾಗದು. ಐದಾರು ನಿಮಿಷದ ಕತ್ತಲೆ, ಅದರಲ್ಲಿಯೂ ಮೋಡ!

ಭೂಮಿಯಲ್ಲಿ ಈ ಅನಿಲವು ಸಿಕ್ಕಿದ್ದು 1895ರಲ್ಲಿ, ರ್‍ಯಾಮ್ಸೆಯವರು ಯುರೇನಿಯಂ ಅದಿರೊಂದನ್ನು ಆಮ್ಲದಲ್ಲಿ ಕಾಯಿಸಿದಾಗ. ಯುರೇನಿಯಂ, ಥೋರಿಯಂಗಳು ಕ್ಷಯಿಸುತ್ತ ಕಲ್ಲಿನೊಳಗೆ ಹೀಲಿಯಮ್ಮನ್ನು ಹುಟ್ಟಿಸುತ್ತವೆ. ಅದು ಬಿರುಕುಗಳಲ್ಲಿ ನುಸುಳಿ, ಕೆಲವೆಡೆ ನೆಲದಡಿಯ ಉರಿಯುವ ಅನಿಲದೊಡನೆ ಸೆರೆಯಾಗಿ ನಿಲ್ಲುತ್ತದೆ. ಗಾಳಿಗೆ ಸೇರಿದ್ದಾದರೋ, ಬಲು ಹಗುರವಾದ ಕಾರಣ, ಮೆಲ್ಲನೆ ಮೇಲೇರಿ ಆಕಾಶದ ಪಾಲಾಗುತ್ತದೆ. ಆದುದರಿಂದಲೇ ಶೇಡಬಾಳದ ಅಂಗಳದ ಗಾಳಿಯಲ್ಲಿ ಅದು ಹತ್ತು ಲಕ್ಷಕ್ಕೆ ಐದು ಪಾಲು ಮಾತ್ರ.