ಬೀ ಪೋಲನ್ ಡಬ್ಬಿ: ಕೊಳ್ಳೋ ಮುಂಚೆ, ಮಾರೋ ಮುಂಚೆ ಇಷ್ಟು ನೋಡ್ರಿ

ಜೇವರ್ಗಿ: ಶಕ್ತಿ ಬರ್ತದ ಅಂತ ಆನ್‌ಲೈನ್‌ನಲ್ಲಿ ತರಿಸುವ ಹಳದಿ ಕಾಳಿನಂಥ 'ಬೀ ಪೋಲನ್' ಜೇನುತುಪ್ಪ ಅಲ್ಲ. ಜೇನುಹುಳ ಹಿಂಗಾಲಿಗೆ ಉಂಡೆ ಕಟ್ಟಿಕೊಂಡು ತರುವ ಹೂವಿನ ಪರಾಗ. ಪೆಟ್ಟಿಗೆಯ ಬಾಗಿಲಿಗೆ ಜಾಲರಿ ಇಟ್ಟು ಉದುರಿಸಿಕೊಳ್ಳುತ್ತಾರೆ.

ಜೇನುತುಪ್ಪದಂತೆ ಇದು ಕೆಡದೆ ಉಳಿಯಲ್ಲ. ಹಸಿ ಪರಾಗದಲ್ಲಿ ಶೇ 20ರಿಂದ 30ರಷ್ಟು ನೀರಿರುತ್ತದೆ. ಅದನ್ನು ಶೇ 8ರ ಆಸುಪಾಸಿಗೆ ಇಳಿಯುವಂತೆ ಒಣಗಿಸದಿದ್ದರೆ ಬೂಸ್ಟು ಹಿಡಿಯುತ್ತದೆ. ಶೇಂಗಾದಲ್ಲಿ ಬರುವ ಅಫ್ಲಾಟಾಕ್ಸಿನ್ ವಿಷ ಇದರಲ್ಲೂ ಬರಬಹುದು. ಕಾಳು ಅಂಟಿಕೊಂಡಿದ್ದರೆ, ಹುಳಿ ವಾಸನೆ ಇದ್ದರೆ ವಾಪಸ್ ಕಳಿಸಿ. ಬೂಸ್ಟು ಆರಿಸಿ ತೆಗೆದು ಉಳಿದದ್ದು ಮಾರೋದು ಬ್ಯಾಡ.

ಇನ್ನೊಂದು ಕಣ್ಣಿಗೆ ಕಾಣಲ್ಲ. ತೊಗರಿ ಹೂ ಬಿಟ್ಟಾಗಲೇ ನಾವು ಕಾಯಿಕೊರಕಕ್ಕೆ ಎಣ್ಣಿ ಹೊಡೀತೀವಿ, ಹತ್ತಿಗೂ ಅಷ್ಟೇ. ಅಂಥ ಹೊಲದ ಪರಾಗದಲ್ಲಿ ಔಷಧಿ ಉಳಿದುಬಿಡುತ್ತದೆ, ತೊಳೆದು ತೆಗೆಯಲು ಬರಲ್ಲ. ಲ್ಯಾಬ್ ವರದಿ ಕೇಳಬೇಕಾದದ್ದು ಇದಕ್ಕೇ. 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್, ಬ್ಯಾಚ್, ಅವಧಿ ಇಲ್ಲದ ಡಬ್ಬಿ ಅಂಗಡಿಯಲ್ಲಿ ಇಡಬೇಡಿ. ಆದರೆ ನಂಬರ್ ಇದ್ದ ಮಾತ್ರಕ್ಕೆ ಆ ಡಬ್ಬಿ ಪರೀಕ್ಷೆ ಆಗಿದೆ ಅಂತ ಅಲ್ಲ.

ದಮ್ಮು, ಪರಾಗದ ಅಲರ್ಜಿ ಇದ್ದವರು ಮುಟ್ಟಬಾರದು. ಗರ್ಭಿಣಿಯರಿಗೆ, ಸಣ್ಣ ಮಕ್ಕಳಿಗೂ ಬೇಡ. ಮೊದಲ ಚಮಚಕ್ಕೇ ಗಂಟಲು ಬಿಗಿದ ಪ್ರಕರಣಗಳಿವೆ. ತುಟಿ ಊದಿದರೆ, ಉಸಿರು ಕಟ್ಟಿದರೆ ಮನೆಮದ್ದು ಮಾಡ್ತಾ ಕೂಡಬ್ಯಾಡ್ರಿ, ಸೀದಾ ಆಸ್ಪತ್ರೆಗೆ ಹೋಗ್ರಿ.